ಹಳೆಯ 911ರ ಎ.ಸಿ. ತೆಗೆಸುವ ಮುನ್ನ ಬೆಲ್ಟೊಂದನ್ನು ಕಳಚಿ ನೋಡಿ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವನು. ನನ್ನ ಸೋದರಮಾವ ಸಿಂಗಪುರದಿಂದ ಊರಿಗೆ ಮರಳುವಾಗ ತಂದಿದ್ದ 1980ರ ಪೋರ್ಷೆ 911 ಎಸ್‌ಸಿ ಕಾರು ಈಗ ನನ್ನ ಬಳಿ ಇದೆ. ಅದರ ಎ.ಸಿ. ಹಲವು ವರ್ಷಗಳಿಂದ ತಂಪು ಕೊಡುತ್ತಿಲ್ಲ. ಭಾನುವಾರ ನಂದಿಬೆಟ್ಟ ಹತ್ತುವಾಗ ಎಂಜಿನ್ ಆಯಿಲ್‌ನ ಬಿಸಿ ತೋರಿಸುವ ಮುಳ್ಳು ತೀರಾ ಮೇಲಕ್ಕೆ ಹೋಗುತ್ತದೆ. ಎ.ಸಿ.ಯನ್ನು ಪೂರ್ತಿ ಕಿತ್ತುಹಾಕಿದರೆ ಎಂಜಿನ್ ತಣ್ಣಗಿರುತ್ತದೆ, ಕಾರೂ ಹಗುರವಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಇದು ನಿಜವೇ? ಮನೆಯ ಶೆಡ್ಡಿನಲ್ಲೇ ಈ ಕೆಲಸ ಮಾಡಿಕೊಳ್ಳಬಹುದೇ? ಮುಂದೆ ವಿಂಟೇಜ್ ನೋಂದಣಿ ಮಾಡಿಸುವಾಗ ಇದರಿಂದ ತೊಡಕಾಗುತ್ತದೆಯೇ?

ಉತ್ತರ: ತೂಕದ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಬಿಸಿಯ ವಿಷಯದಲ್ಲಿ ಅವರು ಆತುರಪಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಕೆಲಸ ಮಾಡದೆ ಸುಮ್ಮನೆ ಕುಳಿತಿರುವ ಎ.ಸಿ. ಎಂಜಿನ್ನನ್ನು ಬಿಸಿ ಮಾಡುವ ದಾರಿಗಳು ಬಹಳ ಕಡಿಮೆ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸದೆ ನಲವತ್ತು ವರ್ಷ ದಾಟಿದ ಕಾರಿನ ಪೈಪುಗಳನ್ನೆಲ್ಲ ಬಿಚ್ಚಿ ಹರಡಿಕೊಂಡರೆ, ಕಡೆಗೆ ಎ.ಸಿ.ಯೂ ಇರುವುದಿಲ್ಲ, ಬಿಸಿಯ ತೊಂದರೆಯೂ ಹೋಗಿರುವುದಿಲ್ಲ. ಆದ್ದರಿಂದ ಮೊದಲು, ಎ.ಸಿ.ಯ ಗ್ಯಾಸನ್ನು ಒತ್ತಿ ಹರಿಸುವ ಕಂಪ್ರೆಸರ್‌ನ ಬೆಲ್ಟನ್ನು ಮಾತ್ರ ಕಳಚಿ, ಈ ಬೇಸಿಗೆ ಮುಗಿಯುವವರೆಗೆ ಕಾರನ್ನು ಹಾಗೆಯೇ ಓಡಿಸಿ ನೋಡಿ. ಈ ಎಂಜಿನ್ನಿನಲ್ಲಿ ತಂಪುಗೊಳಿಸುವ ಫ್ಯಾನಿನ ಬೆಲ್ಟು ಬೇರೆ, ಎ.ಸಿ. ಬೆಲ್ಟು ಬೇರೆ, ಎರಡನೆಯದನ್ನು ತೆಗೆದರೆ ಫ್ಯಾನಿಗಾಗಲಿ ಆಲ್ಟರ್ನೇಟರ್‌ಗಾಗಲಿ ಏನೂ ಆಗುವುದಿಲ್ಲ. ಕಾಸು ಖರ್ಚಿಲ್ಲದ ಈ ಪರೀಕ್ಷೆಯಲ್ಲಿ ಮುಳ್ಳು ಕೆಳಗಿಳಿಯದಿದ್ದರೆ ಕಂಪ್ರೆಸರ್ ತಪ್ಪಿತಸ್ಥನಲ್ಲ ಎಂದಾಯಿತು.

ಇದರ ಹಿಂದಿನ ತರ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾರಿನ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ಹಿಂಬದಿಯ ಮುಚ್ಚಳದ ಜಾಲರಿಯ ಮೂಲಕ ಫ್ಯಾನ್ ಎಳೆದುಕೊಳ್ಳುವ ಗಾಳಿ, ಮತ್ತು ಎಂಜಿನ್ ಆಯಿಲ್, ಇವೆರಡೇ ಅದನ್ನು ತಣ್ಣಗಿಡುತ್ತವೆ. ಕಾರ್ಖಾನೆಯಲ್ಲೇ ಎ.ಸಿ. ಅಳವಡಿಸಿದ ಆ ಕಾಲದ 911ಗಳಲ್ಲಿ ಗ್ಯಾಸಿನ ಬಿಸಿಯನ್ನು ಹೊರಬಿಡುವ ಒಂದು ಕಂಡೆನ್ಸರ್ ಇದೇ ಜಾಲರಿಯ ಕೆಳಗೆ, ಇನ್ನೊಂದು ಕಾರಿನ ಮುಂಭಾಗದಲ್ಲಿ ತನ್ನದೇ ಫ್ಯಾನಿನೊಡನೆ ಇರುತ್ತದೆ. ಎ.ಸಿ. ಓಡುತ್ತಿರುವಾಗ ಎಂಜಿನ್ನಿಗೆ ಹೋಗುವ ಗಾಳಿ ಮೊದಲು ಹಿಂದಿನ ಕಂಡೆನ್ಸರ್‌ನ ಬಿಸಿಯನ್ನು ಹೊತ್ತುಕೊಂಡೇ ಒಳಗೆ ಬರುತ್ತದೆ. ಎ.ಸಿ. ಇರುವ 911ಗಳು ಬಿಸಿಯಾಗುತ್ತವೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದ, ಮತ್ತು ಅದು ಸುಳ್ಳಲ್ಲ. ಆದರೆ ನಿಮ್ಮ ಎ.ಸಿ. ತಂಪನ್ನೇ ಕೊಡುತ್ತಿಲ್ಲ. ಒಳಗೆ ಗ್ಯಾಸ್ ಇಲ್ಲದಿದ್ದರೆ ಕಂಡೆನ್ಸರ್ ಬಿಸಿಯಾಗುವುದೇ ಇಲ್ಲ. ಅದು ಗಾಳಿಗೆ ಅಡ್ಡ ನಿಂತ ಒಂದು ಅಲ್ಯೂಮಿನಿಯಂ ಜಾಲರಿ ಮಾತ್ರ. ಆ ಜಾಲರಿಯ ಎಲೆಗಳ ನಡುವೆ ನಮ್ಮ ಕಡೆಯ ಕ್ರಷರ್ ಧೂಳು ಮತ್ತು ಎಂಜಿನ್ನಿನ ಎಣ್ಣೆ ಹಬೆ ಸೇರಿ ಗಟ್ಟಿಯಾಗಿ ಕೂತಿದ್ದರೆ ಗಾಳಿ ಕಟ್ಟಿಹೋಗುತ್ತದೆ ಎಂಬುದು ನಿಜ. ಅದಕ್ಕೆ ಮದ್ದು ಮೊದಲು ಬ್ರಷ್ಷು, ಸೋಪಿನ ನೀರು ಮತ್ತು ಮೆಲುವಾದ ಗಾಳಿ. ಪಾನಾ ಹಿಡಿಯುವುದು ಆಮೇಲೆ.

ಇನ್ನೊಂದು ಸಾಧ್ಯತೆಯೂ ಇದೆ. ಗ್ಯಾಸ್ ಇಲ್ಲದಿದ್ದರೂ ಎ.ಸಿ. ಸ್ವಿಚ್ಚು ಆನ್ ಆಗಿಯೇ ಉಳಿದಿದ್ದು ಕಂಪ್ರೆಸರ್‌ನ ಕ್ಲಚ್ಚು (ಅದನ್ನು ಬೆಲ್ಟಿನ ಪುಲ್ಲಿಗೆ ಜೋಡಿಸಿ ಬಿಡಿಸುವ ಭಾಗ) ಹಿಡಿದುಕೊಳ್ಳುತ್ತಿದ್ದರೆ, ಅದು ಬರಿಗಾಳಿಯನ್ನೇ ತಿರುಗಿಸುತ್ತ, ಎಣ್ಣೆ ಸರಿಯಾಗಿ ಸಿಗದೆ ಸವೆಯುತ್ತಿರುತ್ತದೆ. ಎಂಜಿನ್ ಚಾಲೂ ಮಾಡಿ, ಯಾರಾದರೂ ಸ್ವಿಚ್ಚನ್ನು ಹಾಕಿ ಆರಿಸುವಾಗ ಕ್ಲಚ್ಚಿನ ಮುಂಭಾಗ ಟಕ್ಕೆಂದು ಒಳಕ್ಕೆ ಕೂರುತ್ತದೆಯೇ ಎಂದು ದೂರದಿಂದಲೇ ಗಮನಿಸಿ. ಕೂರುತ್ತಿದ್ದರೆ ಅದರ ಫ್ಯೂಸನ್ನು ಕಿತ್ತಿಡಿ.

ನಿಜವಾದ ಅಪರಾಧಿಯನ್ನು ಹುಡುಕಬೇಕಾದದ್ದು ಎಣ್ಣೆಯ ದಾರಿಯಲ್ಲಿ. ಈ ಕಾರಿನ ಎಣ್ಣೆ ಬಿಸಿಯಾದಾಗ ಬಲಗಡೆ ಹಿಂಚಕ್ರದ ಹತ್ತಿರವಿರುವ ಥರ್ಮೋಸ್ಟಾಟ್ ಎಂಬ ಕವಾಟ ತೆರೆದುಕೊಂಡು, ಉದ್ದದ ಪೈಪುಗಳ ಮೂಲಕ ಬಲಗಡೆಯ ಮುಂಚಕ್ರದ ಮಡ್‌ಗಾರ್ಡಿನೊಳಗಿನ ಕೂಲರ್‌ಗೆ ಎಣ್ಣೆಯನ್ನು ಕಳಿಸಬೇಕು. ಥರ್ಮೋಸ್ಟಾಟ್ ಜಾಮಾಗಿದ್ದರೆ ಎಣ್ಣೆ ಮುಂದಕ್ಕೆ ಹೋಗುವುದೇ ಇಲ್ಲ. ಬೆಟ್ಟ ಹತ್ತಿ ಇಳಿದ ಮೇಲೆ, ಎಂಜಿನ್ ನಿಲ್ಲಿಸಿ, ಮುಂದಿನ ಕೂಲರ್‌ಗೆ ಹೋಗುವ ಪೈಪಿನ ಹತ್ತಿರ ಅಂಗೈಯ ಹಿಂಭಾಗವನ್ನು ಮುಟ್ಟಿಸದೆ ಒಯ್ದು ನೋಡಿ: ಮುಳ್ಳು ಮೇಲಿದ್ದೂ ಪೈಪು ತಣ್ಣಗಿದ್ದರೆ ರೋಗ ಸಿಕ್ಕಿತು. ಪೈಪು ಬಿಸಿಯಾಗಿದ್ದೂ ಮುಳ್ಳು ಇಳಿಯದಿದ್ದರೆ ಕೂಲರ್‌ನ ಹೊರಮೈ ಕೆಸರಿನಿಂದ ಮುಚ್ಚಿಹೋಗಿದೆಯೇ ನೋಡಬೇಕು. ಅದೂ ಸರಿಯಿದ್ದರೆ ಎಂಜಿನ್ನಿನ ಸುತ್ತ ಕೂರುವ ತಗಡು ಮತ್ತು ಅಂಚಿನ ರಬ್ಬರ್ ಪಟ್ಟಿಯ ಕಡೆ ಗಮನ ಕೊಡಿ. ಎಂಜಿನ್ನಿನ ಮೇಲ್ಗಡೆಯ ತಂಪು ಗಾಳಿಗೂ ಕೆಳಗಡೆಯ ಬಿಸಿ ಗಾಳಿಗೂ ನಡುವೆ ಇರುವ ಗೋಡೆಯೇ ಅದು. ರಬ್ಬರ್ ಒಣಗಿ ಹರಿದುಹೋದರೆ ಫ್ಯಾನ್ ತಾನು ಹೊರಹಾಕಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮುಳ್ಳನ್ನೇ ಪೂರ್ತಿ ನಂಬಲೂ ಬೇಡಿ, ಅಷ್ಟು ಹಳೆಯ ಸೆನ್ಸರ್ ತಪ್ಪು ಹೇಳುವುದುಂಟು.

ನಂದಿಬೆಟ್ಟದ ಭಾನುವಾರದ ಬೆಳಿಗ್ಗೆಯೂ ಒಂದು ಕಾರಣ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಏರಿನಲ್ಲಿ ಎಂಜಿನ್ನಿನ ಮೇಲೆ ಭಾರ ಹೆಚ್ಚು, ಸಾಲಿನಲ್ಲಿ ತೆವಳುವ ಕಾರಿಗೆ ವೇಗವಿಲ್ಲ, ಆದ್ದರಿಂದ ಮುಂದಿನ ಕೂಲರ್‌ಗೆ ಗಾಳಿಯೂ ಇಲ್ಲ. ವಾರದ ದಿನ, ರಸ್ತೆ ಖಾಲಿಯಿರುವಾಗ ಒಮ್ಮೆ ಹತ್ತಿ ನೋಡಿ ಹೋಲಿಸಿ. ಆಗ ಮುಳ್ಳು ಸುಮ್ಮನಿದ್ದರೆ ಕಾರಿನಲ್ಲಿ ದೊಡ್ಡ ದೋಷವಿಲ್ಲ.

ಇನ್ನು ತೂಕ. ಕಂಪ್ರೆಸರ್, ಅದನ್ನು ಹೊರುವ ಬ್ರಾಕೆಟ್, ಎರಡು ಕಂಡೆನ್ಸರ್, ಕೂಲಿಂಗ್ ಕಾಯಿಲ್, ಫ್ಯಾನುಗಳು ಮತ್ತು ಹಿಂದಿನಿಂದ ಮುಂದಿನವರೆಗೆ ಹರಿಯುವ ದಪ್ಪ ಪೈಪುಗಳು ಎಲ್ಲ ಸೇರಿದರೆ ಹೆಚ್ಚುಕಡಿಮೆ ಹೈಸ್ಕೂಲಿನ ಹುಡುಗನೊಬ್ಬನನ್ನು ಕಾರಿನಿಂದ ಇಳಿಸಿದಷ್ಟು ಉಳಿಯುತ್ತದೆ. ಸುಮಾರು 1,160 ಕೆ.ಜಿ.ಯ ಕಾರಿನಲ್ಲಿ ಇದು ಸಣ್ಣದೇ, ಆದರೆ ಎಲ್ಲಿಂದ ಇಳಿಯುತ್ತದೆ ಎಂಬುದು ಮುಖ್ಯ. 911ರಲ್ಲಿ ಎಂಜಿನ್ ಹಿಂದಿನ ಆ್ಯಕ್ಸೆಲಿಗಿಂತಲೂ ಹಿಂದಕ್ಕೆ ಇದೆ. ಕಂಪ್ರೆಸರ್ ಮತ್ತು ಮುಚ್ಚಳದ ಕಂಡೆನ್ಸರ್ ಅದರ ತುದಿಯಲ್ಲಿ, ಎತ್ತರದಲ್ಲಿ ಇವೆ. ಅಲ್ಲಿಂದ ಇಳಿಸಿದ ಭಾರ ತಿರುವಿನಲ್ಲಿ ಗೊತ್ತಾಗುತ್ತದೆ, ಮುಂಭಾಗದಿಂದ ಇಳಿಸಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಶಕ್ತಿಯ ಲೆಕ್ಕದಲ್ಲಿ ನಿಮಗೆ ಏನೂ ಸಿಗುವುದಿಲ್ಲ, ಏಕೆಂದರೆ ಕ್ಲಚ್ಚು ಬಿಟ್ಟಿರುವಾಗ ಕಂಪ್ರೆಸರ್ ತಿನ್ನುವುದು ಪುಲ್ಲಿಯ ಬೇರಿಂಗಿನ ಒಂದಿಷ್ಟು ತಿಕ್ಕಾಟವನ್ನು ಮಾತ್ರ.

ಕಳೆದುಕೊಳ್ಳುವುದೇನು ಎಂಬುದನ್ನೂ ತೂಗಿ ನೋಡಬೇಕು. ಏಪ್ರಿಲ್ ಮಧ್ಯಾಹ್ನ ಬಾಗೇಪಲ್ಲಿ ಕಡೆ ಹೆದ್ದಾರಿಯಲ್ಲಿ ಹೋಗುವಾಗ ದೊಡ್ಡ ಗಾಜಿನ ಈ ಪುಟ್ಟ ಕಾರಿನೊಳಗೆ ಕೂರುವುದು ಹೇಗಿರುತ್ತದೆಂದು ನಿಮಗೆ ಈಗಾಗಲೇ ಗೊತ್ತಿದೆ. ಮಳೆಗಾಲದಲ್ಲಿ ಬೆಟ್ಟದ ಮಂಜಿನೊಳಗೆ ಮುಂದಿನ ಗಾಜು ಒಳಗಿನಿಂದ ಮಸುಕಾದಾಗ, ಗಾಳಿಯ ತೇವವನ್ನು ಹೀರುವ ಎ.ಸಿ. ಇದ್ದರೆ ಗಾಜು ಬೇಗ ತಿಳಿಯಾಗುತ್ತದೆ. ಆದರೆ ಈ ಕಾರಿನ ಹೀಟರ್ ಸೈಲೆನ್ಸರ್ ಕಡೆಯ ಪೈಪುಗಳ ಬಿಸಿಯಿಂದ ನಡೆಯುವ ಬೇರೆಯೇ ವ್ಯವಸ್ಥೆ, ಹೊರಗಾಳಿಯ ಬ್ಲೋವರ್ ಕೂಡ ಬೇರೆ. ಎ.ಸಿ. ತೆಗೆದರೂ ಇವೆರಡೂ ಉಳಿಯುವುದರಿಂದ, ಗಾಜಿಗೆ ಬಿಸಿಗಾಳಿ ಹಾಯಿಸಿ ಕೆಲಸ ನಡೆಸಬಹುದು. ಬೇರೆ ಎಷ್ಟೋ ಕಾರುಗಳಲ್ಲಿ ಹೀಟರ್ ಮತ್ತು ಎ.ಸಿ. ಒಂದೇ ಪೆಟ್ಟಿಗೆಯಲ್ಲಿ ಹೆಣೆದುಕೊಂಡಿರುವುದರಿಂದ ಒಂದನ್ನು ತೆಗೆದರೆ ಇನ್ನೊಂದೂ ಕೆಡುತ್ತದೆ. ಆ ಮಟ್ಟಿಗೆ ನೀವು ಅದೃಷ್ಟವಂತರು.

ಬೇಸಿಗೆಯ ಪರೀಕ್ಷೆ ಮುಗಿದ ಮೇಲೂ ತೆಗೆಯುವುದೆಂದೇ ನಿಶ್ಚಯಿಸಿದರೆ, ಮೊದಲ ಮೆಟ್ಟಿಲನ್ನು ಮನೆಯ ಶೆಡ್ಡಿನಲ್ಲಿ ಹತ್ತಬೇಡಿ. ಅದು ಎ.ಸಿ.ಯೊಳಗೆ ತಂಪು ಹುಟ್ಟಿಸುವ ಗ್ಯಾಸನ್ನು ತೆಗೆಯುವುದು. 1980ರ ಕಾರಿಗೆ ಮೂಲತಃ ತುಂಬುತ್ತಿದ್ದದ್ದು ಆರ್-12 ಎಂಬ ಗ್ಯಾಸ್. ಓಝೋನ್ ಪದರವನ್ನು ತೂತು ಮಾಡುವ ವಸ್ತುಗಳ ಬಗ್ಗೆ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಮೊದಲ ಗುರಿಗಳಲ್ಲಿ ಇದೂ ಒಂದು. ಭಾರತ 1992ರಲ್ಲಿ ಆ ಒಪ್ಪಂದಕ್ಕೆ ಸೇರಿತು, 2000ದಲ್ಲಿ ಇಂಥ ವಸ್ತುಗಳ ನಿಯಂತ್ರಣಕ್ಕೆ ನಿಯಮಗಳು ಬಂದವು, ಆ ಬಳಿಕ ಆರ್-12 ತಯಾರಿಕೆಯೂ ನಿಂತಿತು. ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಒಂದು ಕೆ.ಜಿ. ಆರ್-12 ಹತ್ತು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಪೆಟ್ರೋಲ್ ಸುಟ್ಟಂತೆ. ನಿಮ್ಮ 911 ಭಾನುವಾರದ ಓಡಾಟದಲ್ಲಿ ಅಷ್ಟು ಪೆಟ್ರೋಲ್ ಸುಡಲು ಎಷ್ಟೋ ವರ್ಷ ಬೇಕು. ಪೈಪಿನ ನಟ್ಟು ಸಡಿಲಿಸಿ ಗ್ಯಾಸನ್ನು ಗಾಳಿಗೆ ಬಿಟ್ಟುಬಿಡುವ ರೂಢಿ ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿದೆ. ನಿಮ್ಮ ಕಾರಿಗೆ ಅದನ್ನು ಮಾಡಗೊಡಬೇಡಿ.

ಒಳಗಿರುವುದು ಆರ್-12 ಎಂದು ಗ್ರಹಿಸಿಕೊಳ್ಳುವುದೂ ತಪ್ಪು. ನಡುವೆ ಯಾರಾದರೂ ಅದರ ಬದಲಿಗೆ ಬಂದ ಆರ್-134ಎ ಗ್ಯಾಸ್ ತುಂಬಿರಬಹುದು. ತುಂಬುವ ಬಾಯಿಗೆ ತಿರುಗಿಸಿ ಕೂರಿಸುವ ಥ್ರೆಡ್ (ತಿರುಪಿನ ಗೆರೆ) ಇದ್ದರೆ ಹಳೆಯದು, ಒತ್ತಿ ಕೂರಿಸುವ ಬಗೆಯ ಅಡಾಪ್ಟರ್ ಹಾಕಿದ್ದರೆ ಬದಲಾಯಿಸಿದ್ದಾರೆ ಎಂಬುದು ಒಂದು ಸುಳಿವು. ಅದಕ್ಕಿಂತ ಕೆಟ್ಟದ್ದು, ಆರ್-12 ಸಿಗದ ಕಾಲದಲ್ಲಿ ಬೆಂಕಿ ಹಿಡಿಯುವ ಹೈಡ್ರೋಕಾರ್ಬನ್ ಗ್ಯಾಸನ್ನು ತುಂಬಿರುವ ಸಾಧ್ಯತೆ. ಗೇಜು ಹಾಕಿ ನೋಡಿದರೆ ಇದು ಗೊತ್ತಾಗುವುದಿಲ್ಲ: ಮೂವತ್ತು ಡಿಗ್ರಿ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಆರ್-12 ಆಗಲಿ ಆರ್-134ಎ ಆಗಲಿ ಹೆಚ್ಚುಕಡಿಮೆ 90 ರಿಂದ 100 ಪಿ.ಎಸ್.ಐ. ಒತ್ತಡವನ್ನೇ ತೋರಿಸುತ್ತವೆ. ಆದ್ದರಿಂದ ಗ್ಯಾಸನ್ನು ಗುರುತಿಸುವ ಉಪಕರಣವೂ, ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಯಂತ್ರವೂ ಇರುವ ಕಡೆಗೆ ಕಾರನ್ನು ಒಯ್ಯಿರಿ. ನಿಮ್ಮೂರಿನಿಂದ ಬೆಂಗಳೂರು ದೂರವೇನಲ್ಲ. ಎಷ್ಟು ಗ್ರಾಂ, ಯಾವ ಗ್ಯಾಸ್ ತೆಗೆದರು ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಗೇಜು ಸೊನ್ನೆ ತೋರಿಸಿದರೆ ಗ್ಯಾಸ್ ಎಂದೋ ಸೋರಿಹೋಗಿದೆ, ಚಿಂತೆಯಿಲ್ಲ. ಆದರೆ ಒತ್ತಡವಿದ್ದೂ ಮನೆಯಲ್ಲೇ ಬಿಚ್ಚಿದರೆ, ಚಿಮ್ಮುವ ದ್ರವ ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸುತ್ತದೆ. ಗಾಳಿಗಿಂತ ಭಾರವಾದ ಈ ಗ್ಯಾಸ್ ಶೆಡ್ಡಿನ ಗುಂಡಿಯಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ. ಹತ್ತಿರದಲ್ಲಿ ಗ್ಯಾಸ್ ವೆಲ್ಡಿಂಗಿನ ಜ್ವಾಲೆಯೋ ಬೀಡಿಯೋ ಇದ್ದರೆ ಆರ್-12 ಒಡೆದು ವಿಷಾನಿಲವಾಗುತ್ತದೆ.

ಗ್ಯಾಸ್ ಖಾಲಿಯಾದ ಮೇಲಿನ ಕೆಲಸವನ್ನು ತಾಳ್ಮೆಯಿರುವ ಯಾರಾದರೂ ಶೆಡ್ಡಿನಲ್ಲಿ ಮಾಡಬಹುದು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಪ್ರತಿಯೊಂದು ಜೋಡಣೆಯನ್ನೂ ಬಿಚ್ಚುವ ಮುನ್ನ ಫೋಟೋ ತೆಗೆದು, ಪೈಪಿಗೂ ಅದು ಕೂರುವ ಬಾಯಿಗೂ ಒಂದೇ ಸಂಖ್ಯೆಯ ಚೀಟಿ ಕಟ್ಟಿ. ಸಿಂಗಪುರದ ಎಷ್ಟೋ ಕಾರುಗಳಿಗೆ ಎ.ಸಿ.ಯನ್ನು ಕಾರ್ಖಾನೆಯಲ್ಲಲ್ಲದೆ ಮಾರಾಟಗಾರರೇ ಅಳವಡಿಸಿರುವುದರಿಂದ, ನಿಮ್ಮ ಪೈಪುಗಳು ಕೈಪಿಡಿಯ ಚಿತ್ರದಂತೆ ಇಲ್ಲದಿರಬಹುದು; ನಿಮ್ಮ ಫೋಟೋಗಳೇ ಆಗ ಕೈಪಿಡಿ. ಪೈಪಿನ ನಟ್ಟಿಗೆ ಯಾವಾಗಲೂ ಎರಡು ಪಾನಾ ಹಾಕಿ, ಒಂದರಿಂದ ಹಿಡಿದು ಇನ್ನೊಂದರಿಂದ ತಿರುಗಿಸಿ. ಒಂದೇ ಪಾನಾದಲ್ಲಿ ಜಗ್ಗಿದರೆ ಕಂಡೆನ್ಸರ್‌ನ ಅಲ್ಯೂಮಿನಿಯಂ ಬಾಯಿ ತಿರುಚಿಕೊಂಡು ಹೋಗುತ್ತದೆ, ಆಮೇಲೆ ಅದು ಗುಜರಿಯೇ. ಬಿಚ್ಚಿದ ತಕ್ಷಣ ಪ್ರತಿ ಬಾಯಿಗೂ ಬಿಗಿಯಾದ ಮುಚ್ಚಳ ಹಾಕಿ, ಚಿಂದಿ ಬಟ್ಟೆ ತುರುಕಬೇಡಿ. ಧೂಳು ಮತ್ತು ತೇವ ಒಳಹೊಕ್ಕರೆ ಆ ಭಾಗವನ್ನು ಮತ್ತೆ ಬಳಸುವಂತಿಲ್ಲ. ಡ್ರೈಯರ್ ಬಾಟಲನ್ನು ಮಾತ್ರ ಉಳಿಸಿಕೊಳ್ಳುವ ಆಸೆ ಬೇಡ. ಅದರೊಳಗಿನ ತೇವ ಹೀರುವ ಕಾಳುಗಳು ಗಾಳಿಗೆ ತೆರೆದುಕೊಂಡರೆ ಕೆಟ್ಟಂತೆಯೇ.

ಕಂಪ್ರೆಸರ್ ಇಳಿಸುವಾಗ ಇನ್ನೊಬ್ಬರ ಕೈ ಬೇಕು, ಅದು ಕಾಣುವುದಕ್ಕಿಂತ ಭಾರ. ಬ್ರಾಕೆಟ್ಟನ್ನೂ ತೆಗೆಯುತ್ತೀರಾದರೆ ಅದರ ಬೋಲ್ಟುಗಳ ಬಗ್ಗೆ ಎಚ್ಚರವಿರಲಿ. ಆ ಬೋಲ್ಟುಗಳ ಉದ್ದದಲ್ಲಿ ಬ್ರಾಕೆಟ್ಟಿನ ದಪ್ಪವೂ ಸೇರಿದೆ. ಬ್ರಾಕೆಟ್ ಇಲ್ಲದೆ ಅದೇ ಬೋಲ್ಟನ್ನು ಮತ್ತೆ ಬಿಗಿದರೆ ತುದಿ ತಳಕ್ಕೆ ತಾಗಿ, ಬಿಗಿಯಾಯಿತು ಎಂಬ ಭ್ರಮೆ ಹುಟ್ಟಿಸುತ್ತದೆ, ಇಲ್ಲವೇ ಎಂಜಿನ್ನಿನ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಥ್ರೆಡ್ಡನ್ನು ಕಿತ್ತು ತೆಗೆಯುತ್ತದೆ. ಸರಿಯಾದ ಗಿಡ್ಡ ಬೋಲ್ಟನ್ನು ಮೊದಲೇ ತಂದಿಟ್ಟುಕೊಂಡು, ಕೈಯಿಂದಲೇ ಕೊನೆಯವರೆಗೆ ತಿರುಗಿಸಿ ನೋಡಿ, ಆಮೇಲೆ ಟಾರ್ಕ್ ಪಾನಾದಿಂದ ಬಿಗಿಯಿರಿ. ಕ್ರ್ಯಾಂಕಿನ ಪುಲ್ಲಿಯಲ್ಲಿ ಎ.ಸಿ. ಬೆಲ್ಟು ಕೂರುವ ತೋಡು ಖಾಲಿ ಉಳಿಯುತ್ತದೆ, ಅದನ್ನು ಮುಟ್ಟುವ ಅಗತ್ಯವಿಲ್ಲ.

ಹಿಂದಿನ ಮುಚ್ಚಳದಿಂದ ಕಂಡೆನ್ಸರ್ ತೆಗೆದ ಮೇಲೆ ಮುಚ್ಚಳ ಹಗುರವಾಗುತ್ತದೆ. ಆ ಭಾರಕ್ಕೆಂದು ಹಾಕಿದ, ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ಟುಗಳು ಬಲವಾಗಿರುವುದರಿಂದ, ಲಾಕು ಬಿಟ್ಟ ಕೂಡಲೇ ಮುಚ್ಚಳ ರಪ್ಪನೆ ಮೇಲೇಳಬಹುದು. ಮೊದಲ ಸಲ ತೆರೆಯುವಾಗ ಮುಖ ಹತ್ತಿರ ಇಟ್ಟುಕೊಳ್ಳಬೇಡಿ, ಎ.ಸಿ. ಇಲ್ಲದ ಕಾರಿನ ಸ್ಟ್ರಟ್ಟು ಹುಡುಕಿ ಹಾಕಿ. ಕೂಲಿಂಗ್ ಕಾಯಿಲ್ ಈ ಕಾರಿನಲ್ಲಿ ಮುಂದೆ, ಡಿಕ್ಕಿಯ ಒಳಗಿನ ಗೂಡಿನಲ್ಲಿರುತ್ತದೆ. ಅದರ ಪೆಟ್ಟಿಗೆಯ ಪ್ಲಾಸ್ಟಿಕ್ ವಯಸ್ಸಿನಿಂದ ಪೆಡಸಾಗಿರುತ್ತದೆ, ಚಳಿಯ ಬೆಳಿಗ್ಗೆ ಬಿಚ್ಚಲು ಹೋದರೆ ಒಡೆಯುತ್ತದೆ, ಬಿಸಿಲೇರಿದ ಮೇಲೆ ಕೈ ಹಾಕಿ.

ತಂತಿಗಳನ್ನು ಎಲ್ಲಿಯೂ ಕತ್ತರಿಸಬೇಡಿ. ಪ್ಲಗ್ಗುಗಳನ್ನು ಬಿಡಿಸಿ, ತುದಿಗಳನ್ನು ಮುಚ್ಚಿ, ಮೂಲ ತಂತಿಯ ಕಟ್ಟಿಗೇ ಕಟ್ಟಿಬಿಡಿ. ಫ್ಯೂಸು ಮತ್ತು ರಿಲೇಗಳನ್ನು ತೆಗೆದು ಭಾಗಗಳ ಜೊತೆ ಇಡಿ. ಹಳೆಯ ಕಾರುಗಳಲ್ಲಿ ಎಷ್ಟೋ ವರ್ಷಗಳ ನಂತರ ಕಾಡುವ ವಿದ್ಯುತ್ ದೋಷಗಳಲ್ಲಿ ಬಹುಪಾಲು ಹೀಗೆ ಯಾರೋ ಕತ್ತರಿಸಿ ಟೇಪು ಸುತ್ತಿದ ಕಡೆಯಿಂದ ಬರುತ್ತವೆ. ಪೈಪುಗಳು ಹಾದುಹೋಗಿದ್ದ ರಂಧ್ರಗಳು ಇನ್ನೊಂದು ತಲೆನೋವು. ಅಂಚಿನಲ್ಲಿ ತುಕ್ಕು ಕಂಡರೆ ಉಜ್ಜಿ, ಪ್ರೈಮರ್ ಹಚ್ಚಿ, ಅಳತೆಗೆ ಸರಿಯಾದ ರಬ್ಬರ್ ಬಿರಡೆಗಳನ್ನು ಹಾಕಿ. ತೆರೆದಿಟ್ಟರೆ ಮಳೆನೀರಿಗಿಂತ ಮೊದಲು ಇಲಿಗಳು ಬರುತ್ತವೆ, ಅದರಲ್ಲೂ ಪಕ್ಕದಲ್ಲೇ ರಾಗಿಯ ಮೂಟೆಗಳಿರುವ ಶೆಡ್ಡಾದರೆ ಕೇಳುವುದೇ ಬೇಡ. ಕಾರಿನ ಕೆಳಗೆ ಉದ್ದಕ್ಕೂ ಹೋಗುವ ಪೈಪುಗಳ ಕ್ಲಿಪ್ಪುಗಳು ತುಕ್ಕು ಹಿಡಿದು ಬಿಡುತ್ತಿಲ್ಲವಾದರೆ, ಎರಡು ತುದಿಗಳನ್ನೂ ಮುಚ್ಚಿ ಅಲ್ಲೇ ಬಿಡಿ. ನಾಲ್ಕೈದು ಕೆ.ಜಿ.ಗಾಗಿ ಕಾರಿನ ತಳವನ್ನು ಹರಿಯುವುದು ಲಾಭದ ಕೆಲಸವಲ್ಲ.

ತೆಗೆದ ಭಾಗಗಳನ್ನು ಮಾರಬೇಡಿ. ಈ ಕಾರನ್ನು ಮುಂದೆ ಕೊಳ್ಳುವವರು ಮೊದಲು ಕೇಳುವ ಮಾತುಗಳಲ್ಲಿ ಎ.ಸಿ. ಭಾಗಗಳು ಇವೆಯೇ ಎಂಬುದೂ ಒಂದು. ಕಂಪ್ರೆಸರ್‌ನೊಳಗೆ ಸ್ವಲ್ಪ ಹೊಸ ಎಣ್ಣೆ ಹಾಕಿ, ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ, ಬಾಯಿಗಳನ್ನು ಮುಚ್ಚಿಡಿ, ಆಗಾಗ ಮತ್ತೆ ತಿರುಗಿಸುತ್ತಿರಿ. ಸುಮ್ಮನಿಟ್ಟರೆ ಶಾಫ್ಟಿನ ಸೀಲು ಒಣಗುತ್ತದೆ. ಆರ್-12ರ ಕಾಲದ ಕಂಪ್ರೆಸರ್‌ಗೆ ಖನಿಜ ಎಣ್ಣೆಯೇ ಆಗಬೇಕು, ಆರ್-134ಎಗೆ ಬಳಸುವ ಎಣ್ಣೆ ಅದಕ್ಕೆ ಹೊಂದುವುದಿಲ್ಲ. ಮತ್ತೆ ಎ.ಸಿ. ಬೇಕೆನಿಸಿದ ದಿನ ಇದೇ ಹಳೆಯ ಕಂಪ್ರೆಸರನ್ನು ಹಾಕುವುದಕ್ಕಿಂತ, ಹೊಸ ಬಗೆಯ ಹಗುರ ಕಂಪ್ರೆಸರ್, ಗ್ಯಾಸ್ ಸೋರದ ಒಳಪದರವಿರುವ ಪೈಪುಗಳು ಮತ್ತು ದೊಡ್ಡ ಕಂಡೆನ್ಸರ್ ಹಾಕಿ ಆರ್-134ಎ ತುಂಬಿಸುವುದು ಒಳ್ಳೆಯದು. ನನ್ನನ್ನು ಕೇಳಿದರೆ, ನಮ್ಮ ಬಯಲುಸೀಮೆಯ ಬಿಸಿಲಿಗೆ ಎ.ಸಿ. ಕಿತ್ತುಹಾಕುವ ಖರ್ಚಿನ ಜೊತೆಗೆ ಇನ್ನಷ್ಟು ಸೇರಿಸಿ ಈ ದಾರಿಯನ್ನು ಈಗಲೇ ಹಿಡಿಯುವುದೂ ಯೋಚಿಸತಕ್ಕ ಮಾತು. ಕೆಲಸ ಮುಗಿದ ಮೇಲೆ ಕಾರು ನಿಲ್ಲುವ ಎತ್ತರ ಮತ್ತು ಚಕ್ರಗಳ ಅಲೈನ್‌ಮೆಂಟನ್ನು ಒಮ್ಮೆ ಪರೀಕ್ಷಿಸಿ.

ಕಡೆಯ ಪ್ರಶ್ನೆ ವಿಂಟೇಜ್ ನೋಂದಣಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರದ ಕಾರುಗಳಿಗೆ ವಿಎ ಅಕ್ಷರಗಳ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಿಮ್ಮ ಕಾರು 1980ರಲ್ಲೇ ಮೊದಲು ನೋಂದಣಿಯಾಗಿದ್ದರೆ 2030ರವರೆಗೆ ಈ ಮಾತೇ ಏಳುವುದಿಲ್ಲ, ಅಲ್ಲಿಯವರೆಗೆ ಅದು ನಿಮ್ಮೂರಿನ ಕೆಎ-40 ನೋಂದಣಿಯ ಇತರ ಕಾರುಗಳಂತೆಯೇ. ಬೋಲ್ಟು ಬಿಚ್ಚಿ ಎ.ಸಿ. ಇಳಿಸುವುದನ್ನು ಚಾಸಿಯ ಮಾರ್ಪಾಡು ಎಂದು ನಾನು ಪರಿಗಣಿಸುವುದಿಲ್ಲ. ಆದರೆ ಬ್ರಾಕೆಟ್ಟಿನ ಜಾಗವನ್ನು ಗ್ರೈಂಡರ್ ಹಿಡಿದು ಕತ್ತರಿಸಿದರೆ, ರಂಧ್ರಗಳನ್ನು ವೆಲ್ಡ್ ಮಾಡಿ ಮುಚ್ಚಿದರೆ, ಮೂಲರೂಪ ಉಳಿದಿದೆಯೇ ಎಂದು ನೋಡುವ ಸಮಿತಿ ಪ್ರಶ್ನೆ ಎತ್ತಬಹುದು. ವಿಂಟೇಜ್ ಸಂಖ್ಯೆ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು ಎಂಬುದನ್ನೂ ಅರ್ಜಿ ಹಾಕುವ ಮುನ್ನ ಯೋಚಿಸಿ. ಬಿಚ್ಚುವ ಮುಂಚಿನ ಮತ್ತು ನಂತರದ ಫೋಟೋಗಳು, ಭಾಗಗಳ ಪಟ್ಟಿ, ಗ್ಯಾಸ್ ತೆಗೆದವರ ರಸೀದಿ, ಇವನ್ನು ಆರ್.ಸಿ.ಯ ಜೊತೆ ಒಂದೇ ಫೈಲಿನಲ್ಲಿ ಇಟ್ಟರೆ ಸಾಕು.